ಸೊಲ್ಲಾಪುರದಲ್ಲಿ ಜನಿಸಿದ ಯಂತ್ರಶಾಸ್ತ್ರಜ್ಞ: ಶಂತನುರಾವ ಕಿರ್ಲೋಸ್ಕರ

ಕಳೆದ ವರ್ಷ ವಿಜ್ಞಾನ ಶಿಕ್ಷಕರು ರಜೆಯ ಮೇಲಿದ್ದ ಒಂದು ದಿನ ಹತ್ತನೆಯ ಇಯತ್ತೆಯ ತಾಸನ್ನು ನಾನು ತೆಗೆದುಕೊಳ್ಳಬೇಕಾಯಿತು. ಪಾಠ ಮುಗಿಯುವ ಹೊತ್ತಿಗೆ, ಅಕ್ಕಲಕೋಟೆ ತಾಲೂಕಿನ ಒಂದು ಸಣ್ಣ ಹಳ್ಳಿಯಿಂದ ಬರುವ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಸರ, ಇಂಜಿನಿಯರ ಆದವ ಕಂಪನಿ ಸಾಹೇಬ ಆಗಬೇಕಾದ್ರ ಮತ್ತ ಯಾವ ಪರೀಕ್ಷಾ ಕೊಡಬೇಕ್ರಿ?" ಎಂದು ಕೇಳಿದನು. ವರ್ಗವೆಲ್ಲ ನಕ್ಕಿತು. ಪ್ರಶ್ನೆ ಮಾತ್ರ ನಗುವಂಥದಾಗಿರಲಿಲ್ಲ. ನಮ್ಮ ಮಕ್ಕಳ ತಂದೆತಾಯಿಗಳಲ್ಲಿ ಅನೇಕರು ಇಂದು ಹೊಲ ಒತ್ತೆಯಿಟ್ಟಾದರೂ ಮಗನನ್ನು ಇಂಜಿನಿಯರನನ್ನಾಗಿ ಮಾಡಬೇಕೆಂದು ಹವಣಿಸುತ್ತಾರೆ. ಇಂಜಿನಿಯರನಾದ ಬಳಿಕ ಆತನು ಮಾಡಬೇಕಾದ ಕೆಲಸವೇನು ಎಂಬುದನ್ನು ಕೇಳುವವರು ವಿರಳ. ಆ ದಿನ ಗಂಟೆ ಬಾರಿಸಿದ್ದರಿಂದ ನಾನು ಉತ್ತರಿಸದೆ ಪಾರಾದೆನು. ಅಂದು ಕೊಡದ ಉತ್ತರವನ್ನು ಈ ವಾರ್ಷಿಕ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ. ಅದಕ್ಕಾಗಿ ನಾನು ಆರಿಸಿಕೊಂಡಿರುವುದು ನಮ್ಮ ಜಿಲ್ಲೆಯ ಸ್ಥಳವಾದ ಸೊಲ್ಲಾಪುರದಲ್ಲಿಯೇ ಹುಟ್ಟಿದ ಒಬ್ಬ ಇಂಜಿನಿಯರನ ಜೀವನವನ್ನು.

ಶಂತನುರಾವ ಲಕ್ಷ್ಮಣರಾವ ಕಿರ್ಲೋಸ್ಕರರು ಜನಿಸಿದ್ದು ಸೊಲ್ಲಾಪುರದಲ್ಲಿ, ಸನ್ 1903ರ ಮೇ 28ರಂದು. ಅದೇ ವರ್ಷ ಬೆಳಗಾವಿಯಲ್ಲಿ ಅವರ ತಂದೆಯವರ ಚಿಕ್ಕ ಕಮ್ಮಟದಿಂದ ಕಬ್ಬಿಣದ ನೇಗಿಲು ಹೊರಬಂದಿತು. ಮಗನ ಕಥೆಯನ್ನು ಅರಿಯಬೇಕಾದರೆ ನೇಗಿಲಿನ ಕಥೆಯನ್ನು ಮೊದಲು ಅರಿಯಬೇಕಾಗುತ್ತದೆ.

ಕಿರ್ಲೋಸ್ಕರ ಎಂಬ ಅಡ್ಡಹೆಸರು ಕೊಂಕಣದ ಒಂದು ಊರಿನಿಂದ ಬಂದುದು. ಆದರೆ ಮನೆತನವು ನೆಲೆಸಿದ್ದು ಕನ್ನಡ ನೆಲದಲ್ಲಿ. ತಂದೆ ಲಕ್ಷ್ಮಣರಾವ ಕಾಶೀನಾಥ ಕಿರ್ಲೋಸ್ಕರರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದರು. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರ ಊರೂ ಅದೇ. ಲಕ್ಷ್ಮಣರಾವರಿಗೆ ಚಿತ್ರಕಲೆಯಲ್ಲಿ ಆಸೆ. ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಅಲ್ಲಿ ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದ ಸರಿಯಾಗಿ ತಿಳಿಯುವುದಿಲ್ಲವೆಂಬುದು ಗೊತ್ತಾಯಿತು. ವರ್ಣಚಿತ್ರದ ದಾರಿ ಮುಚ್ಚಿದಾಗ ಅವರು ಯಂತ್ರಗಳ ರೇಖಾಚಿತ್ರವನ್ನು ಅಭ್ಯಾಸ ಮಾಡಿದರು. ಅದಕ್ಕೆ ಬಣ್ಣ ಬೇಕಾಗಿರಲಿಲ್ಲ. ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯದ ಶಿಕ್ಷಕರಾದರು. ಬಡ್ತಿ ತಮಗೆ ಬಾರದೆ ಬೇರೊಬ್ಬರಿಗೆ ಹೋದಾಗ ನೌಕರಿಯನ್ನು ಬಿಟ್ಟು ಬೆಳಗಾವಿಗೆ ಬಂದರು. ಅಲ್ಲಿ ಅಣ್ಣ ರಾಮಣ್ಣನವರೊಡನೆ ನಡೆಸುತ್ತಿದ್ದ ಸೈಕಲ್ ಅಂಗಡಿ ಇದ್ದಿತು. ಆ ಅಂಗಡಿ ಆರಂಭವಾದ 1888ನೆಯ ವರ್ಷವನ್ನೇ ಇಂದಿಗೂ ಆ ಉದ್ಯಮ ಸಮೂಹವು ತನ್ನ ಹುಟ್ಟಿನ ವರ್ಷವೆಂದು ಎಣಿಸುತ್ತದೆ.

ಸೈಕಲ್ಲಿನಿಂದ ಅವರು ಮೇವು ಕತ್ತರಿಸುವ ಯಂತ್ರಕ್ಕೆ ಬಂದರು, ಅಲ್ಲಿಂದ ನೇಗಿಲಿಗೆ. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನಗಳು ಅರ್ಧ ತಿಂದು ಅರ್ಧ ತುಳಿಯುವುದನ್ನು ನಮ್ಮ ಮಕ್ಕಳೆಲ್ಲರೂ ನೋಡಿದ್ದಾರೆ. ಕತ್ತರಿಸಿ ಹಾಕಿದರೆ ಮೇವು ಉಳಿಯುತ್ತದೆ. ಇದರ ಲಾಭ ರೈತನಿಗೆ ಒಂದು ವಾರದಲ್ಲಿ ಕಾಣುವಂಥದು. ನೇಗಿಲಿನ ಲಾಭವು ಹಾಗೆ ಕಾಣುವಂಥದಲ್ಲ. ಕಟ್ಟಿಗೆಯ ನೇಗಿಲು ಎರೆಭೂಮಿಯನ್ನು ಸೀಳುತ್ತದೆ, ಮಗುಚುವುದಿಲ್ಲ. ಕಬ್ಬಿಣದ ನೇಗಿಲಿಗೆ ಕುಳದ ಹಿಂದೆ ಬಾಗಿದ ಒಂದು ಹಲಗೆ ಇರುತ್ತದೆ. ಕುಳವು ಕೊಯ್ದ ಮಣ್ಣಿನ ಹೆಂಟೆಯು ಆ ಬಾಗಿನ ಮೇಲೆ ಏರಿ ಹೊರಳಿ ಬೀಳುತ್ತದೆ. ಕರಿಕೆಯಂಥ ಹಟಮಾರಿ ಹುಲ್ಲಿನ ಬೇರು ಮೇಲಾಗಿ ಬಿಸಿಲಿಗೆ ಒಣಗುತ್ತದೆ. ಪ್ರಯೋಜನ ತಿಳಿಯಲು ಒಂದೆರಡು ಸುಗ್ಗಿ ಕಾಯಬೇಕು. ಅಷ್ಟರಲ್ಲಿ, ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬ ಮಾತು ಊರೂರುಗಳಲ್ಲಿ ಹಬ್ಬಿತ್ತು. ಮೊದಲು ಮಾಡಿದ ನೇಗಿಲುಗಳು ಮಾರಾಟವಾಗುವುದಕ್ಕೆ ಎರಡು ವರ್ಷಗಳು ಹಿಡಿದವೆಂದು ಹೇಳುತ್ತಾರೆ.

ಇದನ್ನು ನಾವು ರೈತರ ಮೌಢ್ಯವೆಂದು ಹೇಳಿ ಮುಂದೆ ಸಾಗುವುದು ರೂಢಿ. ನನಗೆ ಹಾಗೆ ತೋರುವುದಿಲ್ಲ. ಕಟ್ಟಿಗೆಯ ನೇಗಿಲು ಮುರಿದರೆ ಊರ ಬಡಿಗನಿದ್ದನು, ಕುಳ ಮೊಂಡಾದರೆ ಕಮ್ಮಾರನಿದ್ದನು. ಇಬ್ಬರಿಗೂ ಸುಗ್ಗಿಯಲ್ಲಿ ಆಯ ಸಲ್ಲುತ್ತಿದ್ದಿತು, ರೊಕ್ಕ ಬಿಚ್ಚಬೇಕಾಗಿರಲಿಲ್ಲ. ಎರಕದ ಕಬ್ಬಿಣದ ತುಂಡು ಒಡೆದರೆ ಅದನ್ನು ಊರ ಕುಲುಮೆಯಲ್ಲಿ ಬೆಸೆಯಲು ಬರುವುದಿಲ್ಲ. ಮೇಲಾಗಿ ಆ ಭಾರವಾದ ನೇಗಿಲನ್ನು ಎಳೆಯಲು ಒಂದು ಜೋಡಿ ಎತ್ತು ಸಾಲುವುದಿಲ್ಲ. ಹೀಗಿರುವಾಗ "ಮುರಿದರೆ ಯಾರು ರಿಪೇರಿ ಮಾಡುವರು, ಎಳೆಯಲು ಎತ್ತು ಎಲ್ಲಿಂದ ತರಲಿ, ರೊಕ್ಕ ಯಾವಾಗ ಕೊಡಲಿ?" ಎಂಬ ಮೂರು ಪ್ರಶ್ನೆಗಳು ರೈತನ ಮನಸ್ಸಿನಲ್ಲಿ ಇದ್ದೇ ಇರುತ್ತವೆ. ಆತನು ಬಾಯಿಬಿಟ್ಟು ಅನ್ನುವುದು ಮಾತ್ರ, "ಕಬ್ಬಿಣ ಭೂಮಿಗೆ ಆಗಿಬರುವುದಿಲ್ಲ" ಎಂದು. ಯಂತ್ರವನ್ನು ಚೆನ್ನಾಗಿ ಮಾಡಿದರಷ್ಟೇ ಸಾಲದು, ಈ ಮೂರು ಪ್ರಶ್ನೆಗಳಿಗೂ ಕಾರಖಾನೆಯೇ ಉತ್ತರ ಕೊಡಬೇಕು. ಶಂತನುರಾವರ ಮುಂದಿನ ಬಾಳುವೆಯ ಉದ್ಯೋಗವೆಲ್ಲ ಇದೇ ಆಗಿದ್ದಿತೆಂದು ನನ್ನ ತಿಳುವಳಿಕೆ.

ಬೆಳಗಾವಿಯಲ್ಲಿ ಕಾರಖಾನೆ ಬಹಳ ಕಾಲ ನಿಲ್ಲಲಿಲ್ಲ. ಊರ ವಿಸ್ತರಣೆಗಾಗಿ ಆ ಜಾಗವನ್ನು ತೆರವು ಮಾಡಬೇಕಾಗಿ ಬಂದಿತು. ಆಗ ಕೈಹಿಡಿದವರು ಔಂಧ ಸಂಸ್ಥಾನದ ಅಧಿಪತಿಗಳಾದ ಬಾಳಾಸಾಹೇಬ ಪಂತ ಪ್ರತಿನಿಧಿಗಳು. ತಾವೇ ಚಿತ್ರಕಾರರಾಗಿದ್ದ ಅವರು ಈ ರೇಖಾಚಿತ್ರದ ಮೇಷ್ಟ್ರ ಬೆಲೆಯನ್ನು ಬಲ್ಲವರಾಗಿದ್ದರು. ಕುಂಡಲ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ನೆಲವನ್ನೂ ಹತ್ತು ಸಾವಿರ ರೂಪಾಯಿಗಳ ಸಾಲವನ್ನೂ ಕೊಟ್ಟರು. 1910ರ ಮಾರ್ಚ್ ತಿಂಗಳಲ್ಲಿ ಅಲ್ಲಿ ಕಿರ್ಲೋಸ್ಕರವಾಡಿಯು ಆರಂಭವಾಯಿತು. ಇಂದು ಅದು ಸಾಂಗಲಿ ಜಿಲ್ಲೆಯಲ್ಲಿದೆ. ಆ ನೆಲವು ಆಗ ಪಾಪಾಸುಕಳ್ಳಿಯ ಬೀಡು. ಏಳು ವರ್ಷದ ಬಾಲಕ ಶಂತನು ನೋಡಿದ್ದು, ಕಳ್ಳಿಯನ್ನು ಕಡಿದು ಕಾರಖಾನೆಯನ್ನೂ ಮನೆಗಳನ್ನೂ ಒಟ್ಟಿಗೇ ಎಬ್ಬಿಸುತ್ತಿದ್ದ ದೊಡ್ಡವರನ್ನು. ಮುಪ್ಪಿನಲ್ಲಿ, 1982ರಲ್ಲಿ, ಅವರು ಪ್ರಕಟಿಸಿದ ಇಂಗ್ಲಿಷ್ ಆತ್ಮಚರಿತ್ರೆಗೆ 'ಕ್ಯಾಕ್ಟಸ್ ಅಂಡ್ ರೋಸಸ್', ಎಂದರೆ ಕಳ್ಳಿ ಮತ್ತು ಗುಲಾಬಿ ಎಂಬ ಹೆಸರನ್ನೇ ಇಟ್ಟರು.

1920ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಎಂಬುದು ಷೇರುದಾರರ ಕಂಪನಿಯಾಯಿತು. ಎರಡು ವರ್ಷಗಳ ಬಳಿಕ ಶಂತನುರಾವರು ಅಮೆರಿಕೆಗೆ ಹೊರಟರು. ಸೇರಿದ್ದು ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯನ್ನು, ಇಂದು ಎಂ.ಐ.ಟಿ. ಎಂದು ನಮ್ಮ ಹುಡುಗರ ಬಾಯಲ್ಲಿಯೂ ಬರುವ ಹೆಸರು. 1926ರಲ್ಲಿ ಯಂತ್ರಶಾಸ್ತ್ರದ ಪದವಿಯನ್ನು ಪಡೆದು ತಿರುಗಿ ಬಂದರು. ಅಲ್ಲಿಂದ ಪದವಿ ಪಡೆದ ಮೊದಲ ಕೆಲವೇ ಭಾರತೀಯರಲ್ಲಿ ಅವರು ಒಬ್ಬರು. ಆ ಕಾಲದಲ್ಲಿ ಅಂಥ ಪದವಿ ಇದ್ದವನು ಸರಕಾರಿ ಇಲಾಖೆಯಲ್ಲಿಯೋ ರೈಲ್ವೆಯಲ್ಲಿಯೋ ದೊಡ್ಡ ಹುದ್ದೆಗೆ ಹಕ್ಕುದಾರ. ಅವರು ಮರಳಿದ್ದು ನೇಗಿಲು, ಕಬ್ಬಿನ ಗಾಣ, ಮೇವಿನ ಯಂತ್ರಗಳನ್ನು ಮಾಡುತ್ತಿದ್ದ ಹಳ್ಳಿಗಾಡಿನ ಕಾರಖಾನೆಗೆ. ಅದು ತಂದೆಯದೇ ಕಾರಖಾನೆಯಾದ್ದರಿಂದ ಇದರಲ್ಲಿ ತ್ಯಾಗವೇನೂ ಇಲ್ಲವೆಂದು ಯಾರಾದರೂ ಹೇಳಬಹುದು; ಅದು ನಿಜವೂ ಅಹುದು. ಎಲ್ಲ ಇಂಜಿನಿಯರರಿಗೂ ತಂದೆಯ ಕಾರಖಾನೆ ಇರುವುದಿಲ್ಲ ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಂದ ಮುಚ್ಚಿಡಬೇಕಾದ ಕಾರಣವಿಲ್ಲ.

ಅವರು ಮರಳಿ ಬಂದ 1926ರಲ್ಲಿಯೇ ಕಿರ್ಲೋಸ್ಕರವಾಡಿಯಲ್ಲಿ ಕೇಂದ್ರಾಪಗಾಮಿ ಪಂಪು ತಯಾರಾಯಿತು. ಇಲ್ಲಿ ನಾವು ತುಸು ನಿಂತು ಈ ಯಂತ್ರವನ್ನು ನೋಡೋಣ. ನಮ್ಮ ಸೀಮೆಯ ಬಾವಿಗಳ ಇತಿಹಾಸವೆಲ್ಲ ಇದರಲ್ಲಿದೆ. (ನಾನು ಕಲಾಶಾಖೆಯ ಪದವೀಧರನು, ಕೆಳಗಿನ ಲೆಕ್ಕಗಳನ್ನು ನಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ ತಿದ್ದಿಸಿಕೊಂಡಿದ್ದೇನೆ.)

ಮೊದಲು ಬಾವಿಯಿಂದ ನೀರೆತ್ತಲು ಇದ್ದುದು ಕಪಿಲೆ, ಮರಾಠಿಯವರ ಮೋಟ. ಎತ್ತುಗಳು ಇಳಿಜಾರಿನಲ್ಲಿ ಮುಂದೆ ನಡೆದಾಗ ತೊಗಲಿನ ಚೀಲ ಮೇಲೆ ಬರುತ್ತದೆ, ಹಿಂದೆ ಸರಿದಾಗ ಕೆಳಗಿಳಿಯುತ್ತದೆ. ಎತ್ತಿನ ಅರ್ಧ ನಡಿಗೆ ಹೀಗೆ ಬರಿದೇ ಹೋಗುತ್ತದೆ. ಕೇಂದ್ರಾಪಗಾಮಿ ಪಂಪಿನಲ್ಲಿ ಹೋಗಿಬರುವ ಚಲನೆಯೇ ಇಲ್ಲ. ಶಂಖದಾಕಾರದ ಕಬ್ಬಿಣದ ಕವಚದೊಳಗೆ ಬಾಗಿದ ಎಲೆಗಳುಳ್ಳ ಒಂದು ಚಕ್ರ ವೇಗವಾಗಿ ತಿರುಗುತ್ತದೆ. ನಡುವಿಗೆ ಬಂದ ನೀರನ್ನು ಅದು ಅಂಚಿನ ಕಡೆಗೆ ಎಸೆಯುತ್ತದೆ. ಒದ್ದೆ ಬಟ್ಟೆಯನ್ನು ಗರಗರನೆ ತಿರುಗಿಸಿದಾಗ ಹನಿಗಳು ಹೊರಕ್ಕೆ ಸಿಡಿಯುವಂತೆ. ಎಸೆಯಲ್ಪಟ್ಟ ನೀರಿನ ವೇಗವು ಅಗಲವಾಗುತ್ತ ಹೋಗುವ ಕವಚದಲ್ಲಿ ಒತ್ತಡವಾಗಿ ಮಾರ್ಪಟ್ಟು ನೀರನ್ನು ಕೊಳವೆಯಲ್ಲಿ ಮೇಲಕ್ಕೇರಿಸುತ್ತದೆ. ಚಕ್ರದ ವೇಗವನ್ನು ಎರಡು ಪಟ್ಟು ಮಾಡಿದರೆ ನೀರು ಏರುವ ಎತ್ತರ ನಾಲ್ಕು ಪಟ್ಟಾಗುತ್ತದೆ. ಆದರೆ ಬೇಕಾಗುವ ಶಕ್ತಿ ಎಂಟು ಪಟ್ಟು.

ನೀರನ್ನು ಹೊರಗೆ ಎಸೆಯುವುದು ಚಕ್ರದ ಕೆಲಸ. ಬಾವಿಯಿಂದ ನೀರು ಚಕ್ರದವರೆಗೆ ಏರುವುದು ಯಾವುದರಿಂದ? ಪಂಪು ಎಳೆಯುತ್ತದೆ ಎಂದು ನಾವು ಅನ್ನುತ್ತೇವೆ. ನಿಜವಾಗಿ ನೀರನ್ನು ತಳ್ಳುವುದು ಬಾವಿಯ ನೀರಿನ ಮೇಲೆ ಕುಳಿತಿರುವ ವಾಯುಮಂಡಲದ ಭಾರ. ಆ ಭಾರವು ಸಮುದ್ರಮಟ್ಟದಲ್ಲಿ ಹೆಚ್ಚೆಂದರೆ ಸುಮಾರು 10.3 ಮೀಟರು ಎತ್ತರದ ನೀರಿನ ಕಂಬವನ್ನು ಹೊರಬಲ್ಲದು. ಎತ್ತರದ ನಮ್ಮ ಪ್ರದೇಶದಲ್ಲಿ ಇದು ಇನ್ನೂ ತುಸು ಕಡಿಮೆ. ಕೊಳವೆಯ ತಿಕ್ಕಾಟ ಮೊದಲಾದವುಗಳನ್ನು ಕಳೆದರೆ ವ್ಯವಹಾರದಲ್ಲಿ ಆರೇಳು ಮೀಟರುಗಳಿಗಿಂತ ಹೆಚ್ಚನ್ನು ನಂಬುವಂತಿಲ್ಲ. ಆದುದರಿಂದ ನೀರು 15 ಮೀಟರು ಕೆಳಗಿರುವ ಬಾವಿಯ ದಂಡೆಯ ಮೇಲೆ ಎಷ್ಟೇ ಬಲವಾದ ಪಂಪನ್ನಿಟ್ಟರೂ ಒಂದು ಹನಿಯೂ ಬರುವುದಿಲ್ಲ. ನಮ್ಮ ಹಳೆಯ ಬಾವಿಗಳ ಗೋಡೆಯಲ್ಲಿ ಅರ್ಧದಲ್ಲಿ ಕಲ್ಲು ಕಡಿದು ಕಟ್ಟೆ ಮಾಡಿ, ಅಲ್ಲಿ ಪಂಪನ್ನು ಕೂರಿಸಿರುವುದು ಇದೇ ಕಾರಣಕ್ಕಾಗಿ. ಮಳೆಗಾಲದಲ್ಲಿ ನೀರೇರಿದಾಗ ರಾತ್ರೋರಾತ್ರಿ ಹಗ್ಗ ಕಟ್ಟಿ ಮೋಟರನ್ನು ಮೇಲೆಳೆದ ಅನುಭವವು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಯಲ್ಲಿ ಉಂಟು. ಕೊಳವೆಬಾವಿಗಳಲ್ಲಿ ಮೋಟರನ್ನೂ ಪಂಪನ್ನೂ ನೀರಿನೊಳಗೇ ಮುಳುಗಿಸಿಡುವುದರಿಂದ ಈ ತೊಂದರೆ ತಪ್ಪಿತು. ಬಾವಿ ಬತ್ತುವ ತೊಂದರೆಯು ಹೆಚ್ಚಿತು ಎಂಬುದು ಬೇರೆ ಮಾತು.

ಇನ್ನು ಲೆಕ್ಕ. ಪ್ರತಿ ಸೆಕೆಂಡಿಗೆ 10 ಲೀಟರು ನೀರನ್ನು 20 ಮೀಟರು ಎತ್ತಬೇಕಾಗಿದೆ ಎನ್ನೋಣ. 10 ಲೀಟರು ನೀರಿನ ತೂಕ 10 ಕಿಲೋಗ್ರಾಂ. ಇದನ್ನು 9.8ರಿಂದಲೂ 20ರಿಂದಲೂ ಗುಣಿಸಿದರೆ 1960 ವ್ಯಾಟು. ಒಂದು ಅಶ್ವಶಕ್ತಿಗೆ 746 ವ್ಯಾಟು ಹಿಡಿದರೆ ಸುಮಾರು 2.6 ಅಶ್ವಶಕ್ತಿಯಾಯಿತು. ಆದರೆ ಪಂಪಿನ ದಕ್ಷತೆ ನೂರಕ್ಕೆ 60 ಎಂದಿಟ್ಟುಕೊಂಡರೆ ನಿಜವಾಗಿ ಬೇಕಾಗುವುದು ಸುಮಾರು 4.4 ಅಶ್ವಶಕ್ತಿ. ಆದುದರಿಂದ 5 ಅಶ್ವಶಕ್ತಿಯ ಯಂತ್ರವನ್ನು ಕೊಳ್ಳಬೇಕು. ದಕ್ಷತೆಯು 60ರ ಬದಲು 45 ಆದರೆ ಅದೇ ನೀರಿಗೆ ಸುಮಾರು 5.8 ಅಶ್ವಶಕ್ತಿ ಬೇಕಾಗಿ, 5ರ ಯಂತ್ರವು ಸೋಲುತ್ತದೆ. ಎರಕದ ಕವಚದ ಒಳಮೈ ಒರಟಾಗಿದ್ದರೆ, ಚಕ್ರಕ್ಕೂ ಕವಚಕ್ಕೂ ನಡುವಿನ ಸಂದು ಕೂದಲೆಳೆಯಷ್ಟು ಹೆಚ್ಚಾದರೆ ದಕ್ಷತೆ ಇಳಿಯುತ್ತದೆ. ಎಣ್ಣೆಯ ಖರ್ಚು ರೈತನ ಗಂಟಿನಿಂದ ಹೋಗುತ್ತದೆ. ಕಾಲೇಜಿನಲ್ಲಿ ಕಲಿತ ಸೂತ್ರಕ್ಕೂ ಬಾವಿಯ ದಂಡೆಯ ರೊಕ್ಕಕ್ಕೂ ಸಂಬಂಧ ಇರುವುದು ಇಲ್ಲಿ.

ಪಂಪನ್ನು ತಿರುಗಿಸುವವರು ಯಾರು? ಹಳ್ಳಿಗಳಲ್ಲಿ ಆಗ ವಿದ್ಯುಚ್ಛಕ್ತಿ ಇರಲಿಲ್ಲ. ಆದುದರಿಂದ ಪಂಪಿನ ಬೆನ್ನಿಗೆ ಆಯಿಲ್ ಎಂಜಿನ್ ಬೇಕಾಯಿತು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಉಪಕರಣವಿಲ್ಲ. ಗಾಳಿಯನ್ನು ಉರುಳೆಯೊಳಗೆ ಬಲವಾಗಿ ಒತ್ತಿದಾಗ ಅದು ತಾನೇ ಕೆಂಡದಂತೆ ಕಾಯುತ್ತದೆ. ಆ ಗಾಳಿಯಲ್ಲಿ ಎಣ್ಣೆಯನ್ನು ಮಂಜಿನಂತೆ ಸಿಂಪಡಿಸಿದ ಕ್ಷಣವೇ ಹತ್ತಿಕೊಳ್ಳುತ್ತದೆ. ತತ್ವವು ಸರಳ. ಆದರೆ ಎಣ್ಣೆಯನ್ನು ಸಿಂಪಡಿಸುವ ಸಣ್ಣ ಪಂಪನ್ನು ಅತ್ಯಂತ ಸೂಕ್ಷ್ಮ ಅಳತೆಯಲ್ಲಿ ಕೊರೆಯಬೇಕು. ಅಂಥ ಯಂತ್ರವನ್ನು ಅಕ್ಷರ ಬಾರದವನ ಹೊಲದಲ್ಲಿ, ಧೂಳಿನಲ್ಲಿ, ಬೆಳಗಿನಿಂದ ಸಂಜೆಯವರೆಗೆ ನಡೆಯುವಂತೆ ಮಾಡುವುದು ಪಾಶ್ಚಾತ್ಯ ಪುಸ್ತಕಗಳಲ್ಲಿ ಬರೆದಿಟ್ಟ ವಿದ್ಯೆಯಲ್ಲ. ಊರೂರಿಗೆ ಏಜೆಂಟರು ಬೇಕು, ಬಿಡಿಭಾಗಗಳ ಅಂಗಡಿ ಬೇಕು, ಎಂಜಿನ್ ಬಿಚ್ಚಿ ಜೋಡಿಸಬಲ್ಲ ಮಿಸ್ತ್ರಿ ಬೇಕು, ಕಂತಿನಲ್ಲಿ ಹಣ ಕಟ್ಟಿಸಿಕೊಳ್ಳುವ ಏರ್ಪಾಟು ಬೇಕು. ಈ ಏರ್ಪಾಟುಗಳನ್ನೆಲ್ಲ ಹೊಂದಿಸುವವನನ್ನೇ ನಾವು ಇಂದು ಕಂಪನಿಯ ಕಾರ್ಯನಿರ್ವಾಹಕನೆನ್ನುತ್ತೇವೆ. ಯಂತ್ರದ ಬೆನ್ನು ಹತ್ತಿ ರೈತನ ಹೊಲದವರೆಗೂ ಹೋದ ಇಂಜಿನಿಯರನು ದಾರಿಯಲ್ಲಿ ತನಗರಿಯದೆಯೇ ಸಾಹೇಬನಾಗಿರುತ್ತಾನೆ. ಆ ವಿದ್ಯಾರ್ಥಿಯು ಕೇಳಿದ ಪರೀಕ್ಷೆ ಯಾವುದೆಂದರೆ ಇದೇ.

ಇಲ್ಲಿ ಒಂದು ವಿಷಯವನ್ನು ಬಿಟ್ಟು ಮುಂದೆ ಹೋಗಲಾರೆನು. 1920ರಲ್ಲಿ ಶಂತನುರಾವರ ಬಂಧುಗಳಾದ ಶಂಕರರಾವ ಕಿರ್ಲೋಸ್ಕರರು 'ಕಿರ್ಲೋಸ್ಕರ ಖಬರ' ಎಂಬ ಪತ್ರಿಕೆಯನ್ನು ಆರಂಭಿಸಿದರು. ಕಾರಖಾನೆಯ ಸುದ್ದಿಯನ್ನು ಗಿರಾಕಿಗಳಿಗೆ ತಲುಪಿಸಲು ಹುಟ್ಟಿದ ಆ ಪತ್ರಿಕೆಯು ಮುಂದೆ ಮರಾಠಿಯ ಹೆಸರಾಂತ ಮಾಸಿಕವಾಯಿತು. ನೇಗಿಲು ಮಾರುವವನಿಗೆ ನೇಗಿಲು ಕೊಳ್ಳುವವನ ಭಾಷೆ ಬೇಕಾಯಿತು. ಅಷ್ಟರಿಂದಲೇ ಆ ಭಾಷೆಗೆ ಲಾಭವಾಯಿತು. ಕನ್ನಡದಲ್ಲಿ ಅದಕ್ಕೆ ಎರಡು ವರ್ಷ ಮೊದಲೇ, 1918ರಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನಿಂದ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿದ್ದರು. ಅದರ ಹಿಂದೆ ಪ್ರಾಧ್ಯಾಪಕರ ವಿದ್ವತ್ತು ಇದ್ದಿತು, ಉತ್ಸಾಹವಿದ್ದಿತು, ಕಾರಖಾನೆ ಇರಲಿಲ್ಲ. ಕೆಲಕಾಲದಲ್ಲಿಯೇ ನಿಂತುಹೋಯಿತು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಕುಳಿತು ಪಾರಿಭಾಷಿಕ ಶಬ್ದಗಳಿಗಾಗಿ ತಡಕಾಡುವ ನನ್ನಂಥವನಿಗೆ ಈ ಎರಡು ಪತ್ರಿಕೆಗಳ ನೆನಪು ಆಗಾಗ ಬರುತ್ತದೆ.

ಎರಡನೆಯ ಮಹಾಯುದ್ಧವು ಆರಂಭವಾದಾಗ ಹೊರದೇಶದ ಯಂತ್ರಗಳ ಆಮದು ಕಷ್ಟವಾಯಿತು. ಎಂಜಿನ್ ಮಾಡಲು ಲೇಥ್ ಬೇಕು. ಲೇಥ್ ಬರುವುದು ಸಾಗರದಾಚೆಯಿಂದ. ಲೇಥ್ ಎಂದರೆ ಕಬ್ಬಿಣದ ತುಂಡನ್ನು ತಿರುಗಿಸುತ್ತ ಉಳಿಯಿಂದ ಹೆರೆಯುವ ಯಂತ್ರ. ಕುಂಬಾರನ ತಿಗರಿಯನ್ನು ಮಲಗಿಸಿ ಕಬ್ಬಿಣಕ್ಕೆ ಹೊಂದಿಸಿದಂತೆ ಎನ್ನಬಹುದು. ಉಳಿಯನ್ನು ಮುಂದೊಯ್ಯುವ ತಿರುಪು ಎಷ್ಟು ಕರಾರುವಾಕ್ಕಾಗಿದೆಯೋ ಅಷ್ಟೇ ಕರಾರುವಾಕ್ಕಾಗಿ ಅದರಲ್ಲಿ ತಯಾರಾಗುವ ಬಿಡಿಭಾಗಗಳಿರುತ್ತವೆ. ನೂರು ಎಂಜಿನ್ನುಗಳಲ್ಲಿ ಯಾವುದರ ಭಾಗವಾದರೂ ಯಾವುದಕ್ಕಾದರೂ ಕೂಡುವಂತಿದ್ದರೆ ಮಾತ್ರ ಹಳ್ಳಿಯ ಅಂಗಡಿಯಲ್ಲಿ ಬಿಡಿಭಾಗ ಇಟ್ಟು ಪ್ರಯೋಜನ. ನೇಗಿಲಿನ ರೈತನ ಮೊದಲನೆಯ ಪ್ರಶ್ನೆಗೆ, "ಮುರಿದರೆ ಯಾರು ರಿಪೇರಿ ಮಾಡುವರು?" ಎಂಬುದಕ್ಕೆ, ಪೂರ್ಣ ಉತ್ತರವು ಲೇಥಿನಲ್ಲಿದೆ. ಲೇಥುಗಳನ್ನು ತಯಾರಿಸುವುದಕ್ಕಾಗಿ 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿ, ಮೈಸೂರು ಕಿರ್ಲೋಸ್ಕರ ಕಂಪನಿಯು ಸ್ಥಾಪನೆಯಾಯಿತು.

ಹರಿಹರವೇ ಏಕೆ? ಉದ್ದಿಮೆಗಳನ್ನು ಕರೆದು ನೆಲೆಗೊಳಿಸುವುದು ಮೈಸೂರು ಸಂಸ್ಥಾನದ ಆಗಿನ ನೀತಿಯಾಗಿದ್ದಿತು. ಅದಕ್ಕೂ ಮೊದಲು ಭೂಪಟವನ್ನು ತೆರೆದು ನೋಡಿರಿ. ಪುಣೆಯಿಂದ ಬೆಂಗಳೂರಿಗೆ ಹೋಗುವ ಹಳೆಯ ಮೀಟರ್ ಗೇಜ್ ರೈಲುದಾರಿಯ ಮೇಲೆ ಬೆರಳಿಟ್ಟು ಸಾಗಿದರೆ ಕಿರ್ಲೋಸ್ಕರವಾಡಿ ಸಿಗುತ್ತದೆ, ಮೀರಜ ಸಿಗುತ್ತದೆ, ಬೆಳಗಾವಿ, ಹುಬ್ಬಳ್ಳಿ, ಹರಿಹರ ಸಿಗುತ್ತವೆ. ಆ ಮನೆತನದ ಕಾರಖಾನೆಗಳು ಎದ್ದ ಊರುಗಳೆಲ್ಲ ಮಣಿಗಳಂತೆ ಒಂದೇ ದಾರದಲ್ಲಿವೆ. 1946ರಲ್ಲಿ ಆ ದಾರದ ಎರಡು ತುದಿಗಳಲ್ಲಿಯೂ ಹೊಸ ಕಂಪನಿಗಳು ಹುಟ್ಟಿದವು: ಪುಣೆಯಲ್ಲಿ ಶಂತನುರಾವರ ಮುಂದಾಳ್ತನದಲ್ಲಿ ಕಿರ್ಲೋಸ್ಕರ ಆಯಿಲ್ ಎಂಜಿನ್ಸ್; ಬೆಂಗಳೂರಿನಲ್ಲಿ ಅವರ ತಮ್ಮ ರವಿ ಕಿರ್ಲೋಸ್ಕರರ ಕೈಯಲ್ಲಿ ವಿದ್ಯುತ್ ಮೋಟರುಗಳನ್ನು ತಯಾರಿಸುವ ಕಿರ್ಲೋಸ್ಕರ ಎಲೆಕ್ಟ್ರಿಕ್. ಒಂದು ಕಡೆ ಎಣ್ಣೆಯ ಎಂಜಿನ್, ಇನ್ನೊಂದು ಕಡೆ ವಿದ್ಯುತ್ ಬಂದ ಬಳಿಕ ಅದನ್ನು ಬದಲಿಸುವ ಮೋಟರು. ಎರಡೂ ಒಂದೇ ಪಂಪಿಗಾಗಿ. ಈ ಮುಂದಾಲೋಚನೆಯನ್ನು ಮೆಚ್ಚದಿರಲಾಗದು.

ಈ ರೈಲುದಾರಿಯ ವಿಷಯದಲ್ಲಿ ಎರಡು ಮಾತು ಹೆಚ್ಚಾಗಿ ಹೇಳಿದರೆ ಓದುಗರು ಮನ್ನಿಸಬೇಕು. ಸೊಲ್ಲಾಪುರದಲ್ಲಿಯೇ 1882ರಲ್ಲಿ ಜನಿಸಿದ ಇನ್ನೊಬ್ಬರು ವಾಲಚಂದ ಹಿರಾಚಂದರು. ಅವರು ಇಂಜಿನಿಯರರಲ್ಲ, ಆದರೆ 1940ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ಥಾನ ಏರ್‌ಕ್ರಾಫ್ಟ್ ಕಾರಖಾನೆಯನ್ನು ಮೈಸೂರು ಸರಕಾರದ ಸಹಾಯದಿಂದ ಆರಂಭಿಸಿದವರು. ಕೇವಲ ಒಂದೆರಡು ವರ್ಷಗಳ ಅಂತರದಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಇಬ್ಬರ ಉದ್ಯಮಗಳು ಕನ್ನಡ ನೆಲದಲ್ಲಿ ಬೇರೂರಿದವು. ಬಹಳ ವರ್ಷಗಳ ಬಳಿಕ, 1981ರಲ್ಲಿ, ಮೈಸೂರಿನಲ್ಲಿ ವಿದ್ಯುತ್ ಇಂಜಿನಿಯರಿಂಗ್ ಓದಿದ್ದ ಎನ್. ಆರ್. ನಾರಾಯಣಮೂರ್ತಿಗಳು ಗೆಳೆಯರೊಡನೆ ಇನ್ಫೋಸಿಸ್ ಕಂಪನಿಯನ್ನು ಸ್ಥಾಪಿಸಿದ್ದು ಪುಣೆಯಲ್ಲಿ; 1983ರಲ್ಲಿ ಅದು ಬೆಂಗಳೂರಿಗೆ ಹೋಯಿತು. ಗಡಿಯ ವಿಷಯದಲ್ಲಿ ನಾವು ಅತ್ತ ಇತ್ತ ಎಂದು ಬಡಿದಾಡುತ್ತಿರುವಾಗ ವಿದ್ಯೆಯೂ ಬಂಡವಾಳವೂ ಎರಡೂ ಕಡೆಗೆ ಟಿಕೀಟು ತೆಗೆದು ತಿರುಗಾಡಿವೆ.

1948ನೆಯ ವರ್ಷ ಈ ಮನೆತನಕ್ಕೆ ಕಠಿಣವಾದುದು. ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾಯಿತು. ಹಂತಕನು ಮಹಾರಾಷ್ಟ್ರದ ಬ್ರಾಹ್ಮಣನೆಂದು ತಿಳಿದ ಬಳಿಕ ಆ ಸೀಮೆಯಲ್ಲಿ ಬ್ರಾಹ್ಮಣರ ಮನೆಮಾರುಗಳ ಮೇಲೆ ಜನರ ಗುಂಪುಗಳು ಬಿದ್ದವು. ಕಿರ್ಲೋಸ್ಕರವಾಡಿಯ ಕಾರಖಾನೆಗೂ ಬೆಂಕಿ ಬಿದ್ದಿತು. ಕಳ್ಳಿ ಕಡಿದು ಕಟ್ಟಿದ ಮೂವತ್ತೆಂಟು ವರ್ಷಗಳ ದುಡಿಮೆಗೆ ಆ ಕೊಲೆಯೊಡನೆ ಯಾವ ಸಂಬಂಧವೂ ಇರಲಿಲ್ಲ. ಲಕ್ಷ್ಮಣರಾವರಿಗೆ ಆಗ ಎಪ್ಪತ್ತೆಂಟು ವರ್ಷ. ಕಾರಖಾನೆಯನ್ನು ಮತ್ತೆ ಎಬ್ಬಿಸಲಾಯಿತು. ಅದು ಇಂದಿಗೂ ಪಂಪುಗಳನ್ನು ಮಾಡುತ್ತಿದೆ. ಲಕ್ಷ್ಮಣರಾವರು 1956ರ ಸೆಪ್ಟೆಂಬರ 26ರಂದು ತೀರಿಕೊಂಡರು. ಅದೇ ವರ್ಷದ ನವೆಂಬರದಲ್ಲಿ ರಾಜ್ಯಗಳು ಮರುವಿಂಗಡಣೆಯಾ ಅವರ ಗುರ್ಲಹೊಸೂರೂ ಬೆಳಗಾವಿಯೂ ಮೈಸೂರು ರಾಜ್ಯಕ್ಕೆ ಸೇರಿದವು. ಕಿರ್ಲೋಸ್ಕರವಾಡಿಯೂ ಸೊಲ್ಲಾಪುರವೂ ಮುಂಬಯಿ ರಾಜ್ಯದಲ್ಲಿ ಉಳಿದವು.

ಆಮೇಲಿನದನ್ನು ಸಂಕ್ಷೇಪವಾಗಿ ಹೇಳಬಹುದು. 1958ರಲ್ಲಿ ಗಾಳಿಯೊತ್ತಡದ ಯಂತ್ರಗಳಿಗಾಗಿ ಕಿರ್ಲೋಸ್ಕರ ನ್ಯೂಮ್ಯಾಟಿಕ್. 1962ರಲ್ಲಿ ಅಮೆರಿಕೆಯ ಕಮಿನ್ಸ್ ಕಂಪನಿಯೊಡನೆ ಕೂಡಿ ದೊಡ್ಡ ಡೀಸೆಲ್ ಎಂಜಿನ್ನುಗಳಿಗಾಗಿ ಕಿರ್ಲೋಸ್ಕರ ಕಮಿನ್ಸ್. 1965ರಲ್ಲಿ ಭಾರತ ಸರಕಾರವು ಶಂತನುರಾವರಿಗೆ ಪದ್ಮಭೂಷಣವನ್ನಿತ್ತಿತು. ಅದೇ ಕಾಲಕ್ಕೆ ಅವರು ಭಾರತೀಯ ವಾಣಿಜ್ಯ ಮಂಡಲಗಳ ಒಕ್ಕೂಟದ ಅಧ್ಯಕ್ಷರೂ ಆದರು. ಎಷ್ಟು ಎಂಜಿನ್ ತಯಾರಿಸಬೇಕೆಂಬುದಕ್ಕೂ ಸರಕಾರದ ಪರವಾನಗಿ ಬೇಕಾಗಿದ್ದ ಆ ದಿನಗಳಲ್ಲಿ, ಪರವಾನಗಿಯ ಪದ್ಧತಿಯನ್ನು ಬಹಿರಂಗವಾಗಿ ಖಂಡಿಸುತ್ತಿದ್ದ ಕೆಲವೇ ಉದ್ಯಮಿಗಳಲ್ಲಿ ಅವರು ಮುಖ್ಯರು. ಅವರ ಎಲ್ಲ ಮಾತುಗಳನ್ನೂ ಒಪ್ಪಬೇಕೆಂದಿಲ್ಲ. ಆಮದಿಗೆ ಹಾಕಿದ್ದ ತಡೆಯಿಂದ ಅವರ ಕಾರಖಾನೆಗಳಿಗೂ ನೆರಳು ಸಿಕ್ಕಿತ್ತು ಎಂಬುದು ಇತಿಹಾಸವನ್ನು ಓದಿದವರಿಗೆ ಹೊಳೆಯದೆ ಇರದು.

1991ರಲ್ಲಿ ಆ ತಡೆಗಳು ಸಡಿಲಗೊಂಡವು. ಶಂತನುರಾವರು 1994ರ ಏಪ್ರಿಲ್ 24ರಂದು ನಿಧನ ಹೊಂದಿದರು. ಲೇಥುಗಳ ಜಗತ್ತು ಆ ವೇಳೆಗೆ ಬದಲಾಗುತ್ತಿದ್ದಿತು; ಕೈಯಿಂದ ತಿರುಪುವ ಚಕ್ರಗಳ ಸ್ಥಳದಲ್ಲಿ ಗಣಕಯಂತ್ರವೇ ಉಳಿಯನ್ನು ನಡೆಸುವ ಹೊಸ ಯಂತ್ರಗಳು ಬಂದವು. ಹರಿಹರದ ಕಾರಖಾನೆಯು ಈ ಶತಮಾನದ ಆರಂಭದ ಹೊತ್ತಿಗೆ ಮುಚ್ಚಿಹೋಯಿತು. ಒಂದು ಊರಿಗೆ ಊರೇ ಆ ಕಾರಖಾನೆಯ ಗಂಟೆಯನ್ನು ಕೇಳಿ ಏಳುತ್ತಿದ್ದ ಕಾಲವನ್ನು ಕಂಡವರು ಅಲ್ಲಿ ಈಗಲೂ ಇದ್ದಾರೆ. ನಮ್ಮ ಸೊಲ್ಲಾಪುರದ ಗಿರಣಿಗಳ ಭೋಂಗಾ ನಿಂತುಹೋದುದನ್ನು ಕಂಡ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಮುಚ್ಚಿದ ಕಾರಖಾನೆಯ ಹಳೆಯ ಲೇಥುಗಳು ನಮ್ಮ ಕಡೆಯ ಸಣ್ಣ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿರುವುದನ್ನು ನಾನು ಕಂಡಿದ್ದೇನೆ.

ಮೊದಲು ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ನಾನು ದೀಪಾವಳಿಯ ಸೂಟಿಯಲ್ಲಿ ಒಂದು ಕೆಲಸವನ್ನು ಹಚ್ಚಿದ್ದೆನು. ಮನೆಯ ಬಾವಿಯ ಪಂಪಿನ ಮೇಲಿರುವ ತಗಡಿನ ಪಟ್ಟಿಯನ್ನು ಓದಿ, ಅಶ್ವಶಕ್ತಿ, ನೀರು ಎತ್ತುವ ಎತ್ತರ, ನಿಮಿಷಕ್ಕೆ ಎಷ್ಟು ಸುತ್ತು ಎಂಬುದನ್ನು ಬರೆದುಕೊಂಡು ಬರಬೇಕು. ಹಗ್ಗ ಇಳಿಬಿಟ್ಟು ದಂಡೆಯಿಂದ ನೀರಿನವರೆಗೂ, ಪಂಪಿನಿಂದ ನೀರಿನವರೆಗೂ ಅಳೆಯಬೇಕು. ಹೊಂಡಕ್ಕೆ ಬೀಳುವ ನೀರನ್ನು ಅಳತೆಯ ಕೊಡದಿಂದಲೂ ಗಡಿಯಾರದಿಂದಲೂ ಲೆಕ್ಕ ಮಾಡಿ, ಪಂಪಿನ ದಕ್ಷತೆಯನ್ನು ಕಂಡುಹಿಡಿಯಬೇಕು. ಉಳಿದ ವಿದ್ಯಾರ್ಥಿಗಳೂ ಇದನ್ನು ಮಾಡಿ ನೋಡಬಹುದು. ತಂದೆಯವರು ಜೊತೆಯಲ್ಲಿರದೆ ಯಾರೂ ಬಾವಿಗೆ ಇಳಿಯಕೂಡದು.

ಸೂಟಿ ಮುಗಿದ ಮೇಲೆ ಆತನು ವಹಿಯನ್ನು ತಂದು ತೋರಿಸಿದನು. ದಂಡೆಯಿಂದ ನೀರು 13 ಮೀಟರು, ಪಂಪಿನಿಂದ 5 ಮೀಟರು. ಪಟ್ಟಿಯ ಮೇಲಿನ ಅಕ್ಷರಗಳು ತುಕ್ಕು ಹಿಡಿದು ಅಳಿಸಿಹೋಗಿದ್ದವು. ದಕ್ಷತೆಯ ಲೆಕ್ಕ ಅರ್ಧಕ್ಕೇ ನಿಂತಿದ್ದಿತು. ಅದರ ಕೆಳಗೆ ಆತನು ಬರೆದಿದ್ದನು: "ಅಪ್ಪ ಪಂಪು ಬಿಚ್ಚಿ ತೋರಿಸಿದರು. ಒಳಗಿನ ಚಕ್ರದ ಎಲೆಗಳು ಮರಳಿನಿಂದ ಸವೆದು ತೆಳ್ಳಗಾಗಿವೆ. ಹೊಸ ಚಕ್ರ ಎಲ್ಲಿ ಸಿಗುತ್ತದೆಂದು ನಿಮ್ಮನ್ನು ಕೇಳಿಕೊಂಡು ಬಾ ಎಂದಿದ್ದಾರೆ." ಚಕ್ರದ ಅಡ್ಡಳತೆಯನ್ನೂ ನಡುವಿನ ತೂತಿನ ಅಳತೆಯನ್ನೂ ಬರೆದುಕೊಂಡು ಬರುವಂತೆ ಹೇಳಿ, ಸೊಲ್ಲಾಪುರದ ಒಂದು ಅಂಗಡಿಗೆ ಚೀಟಿಯನ್ನು ಬರೆದುಕೊಟ್ಟೆನು.